ಎಷ್ಟು ಓಡಿದರೂ ಸ್ಪೀಡ್ ಬರ್ತಿಲ್ಲ, 10 ಕಿ.ಮೀ. ಓಟದಲ್ಲಿ ಯಾವಾಗಲೂ ಹಿಂದಿನ ಸಾಲು. ಏನು ಮಾಡಬೇಕು?

ಕೊನೆಯ ಸಾಲು, ಮೈಸೂರು

ಎಲ್ಲರಿಗೂ ನಮಸ್ಕಾರ. ವಯಸ್ಸು 37. ಹೂಟಗಳ್ಳಿ ಕಡೆ ಕಾರ್ಖಾನೆಯಲ್ಲಿ ಕೆಲಸ, ಶಿಫ್ಟ್ ಡ್ಯೂಟಿ. ಸ್ಕೂಲು ಕಾಲೇಜಿನಲ್ಲಿ ಯಾವ ಆಟಕ್ಕೂ ಇಳಿದವನಲ್ಲ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಓಡೋಕೆ ಶುರು ಮಾಡಿದೆ. ಆಮೇಲೆ ಚಟ ಹತ್ತಿತು.

ಮೊದಲ 10 ಕಿ.ಮೀ. ಓಟ 90 ನಿಮಿಷದ ಹತ್ತಿರ ಆಗಿತ್ತು. ಕೆಲವು ತಿಂಗಳಲ್ಲಿ 76ಕ್ಕೆ ಇಳಿಯಿತು. ಅಲ್ಲಿಂದ ಈಚೆಗೆ ಅಲ್ಲಾಡ್ತಿಲ್ಲ. ವಾರಕ್ಕೆ ನಾಲ್ಕೈದು ದಿನ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಓಡುತ್ತೇನೆ. ಪ್ರತಿ ಸಲವೂ ನಿನ್ನೆಗಿಂತ ಹತ್ತು ಸೆಕೆಂಡಾದರೂ ಕಡಿಮೆ ಆಗಬೇಕು ಅಂತಲೇ ಹೊರಡೋದು. ಮುಗಿಸುವಷ್ಟರಲ್ಲಿ ನಾಲಿಗೆ ಹೊರಗೆ ಬಂದಿರುತ್ತದೆ.

ಈಗ ಮಾಸ್ಟರ್ಸ್ ಕೂಟದಲ್ಲಿ 5000 ಮೀಟರ್ ಓಡಬೇಕು ಅಂತ ಆಸೆ. ಜೊತೆಯವರು ನಗುತ್ತಾರೆ. "ಆರೋಗ್ಯಕ್ಕೆ ಓಡ್ತಿದ್ದೀಯ, ಓಡು. ಸ್ಪರ್ಧೆ ಯಾಕೆ?" ಅಂತಾರೆ. ನನ್ನಂಥವನು ಸುಧಾರಿಸೋಕೆ ಸಾಧ್ಯವಾ? ಟ್ರ್ಯಾಕಿನಲ್ಲಿ ಇಷ್ಟು ನಿಧಾನ ಓಡಿದರೆ ಬೇರೆಯವರಿಗೆ ಅಡ್ಡ ಆಗಲ್ವಾ? ಗೊತ್ತಿರುವವರು ಹೇಳಿ.

ಸುತ್ತು ಲೆಕ್ಕ, ಮೈಸೂರು

ಮಾಸ್ಟರ್ಸ್ ಕೂಟ ಇರೋದೇ ನಮ್ಮಂಥವರಿಗೆ. 35 ದಾಟಿದವರನ್ನು ಐದೈದು ವರ್ಷದ ಗುಂಪು ಮಾಡಿ ಓಡಿಸುತ್ತಾರೆ, ನಿಮ್ಮದು 35ರಿಂದ 39. ಅಡ್ಡ ಆಗುವ ವಿಚಾರ ಆಮೇಲೆ ಹೇಳುತ್ತೇನೆ.

10 ಕಿ.ಮೀ.ಗೆ 76 ನಿಮಿಷ ಅಂದರೆ ಕಿಲೋಮೀಟರಿಗೆ 7 ನಿಮಿಷ 36 ಸೆಕೆಂಡ್. ದಿನಾ ಕೆರೆ ಸುತ್ತೋದು ಯಾವ ವೇಗದಲ್ಲಿ? ಅದನ್ನು ಮೊದಲು ಹೇಳಿ.

ಕೊನೆಯ ಸಾಲು, ಮೈಸೂರು

ಸುಮಾರು 7:20 ಸರ್. ಚೆನ್ನಾಗಿದ್ದ ದಿನ 7:10.

ಸುತ್ತು ಲೆಕ್ಕ, ಮೈಸೂರು

ಹಾಗಾದರೆ ನೀವು ದಿನಾ ಬೆಳಿಗ್ಗೆ ರೇಸ್ ಓಡುತ್ತಿದ್ದೀರಿ. ಅಭ್ಯಾಸ ಯಾವಾಗ ಮಾಡುತ್ತೀರಿ?

ಬೇಸರ ಮಾಡಿಕೊಳ್ಳಬೇಡಿ. ನಮ್ಮ ಊರಿನಲ್ಲಿ ಹೊಸದಾಗಿ ಓಡುವವರಲ್ಲಿ ಮುಕ್ಕಾಲು ಪಾಲು ಇದೇ ಕತೆ. ಮೊದಲ ಕೆಲವು ತಿಂಗಳು ಹೇಗೆ ಓಡಿದರೂ ಸುಧಾರಿಸುತ್ತೀರಿ, ಯಾಕಂದರೆ ಸೊನ್ನೆಯಿಂದ ಶುರು ಮಾಡಿದ್ದೀರಿ. ಆಮೇಲೆ ನಿಲ್ಲುತ್ತದೆ. ದೂರದ ಓಟಕ್ಕೆ ದೇಹದಲ್ಲಿ ಆಗಬೇಕಾದ ಬದಲಾವಣೆ ನಿಧಾನವಾಗಿ ಆಗುವಂಥದ್ದು. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳೋದನ್ನು ಕಲಿಯಬೇಕು. ಸ್ನಾಯುಗಳ ಒಳಗೆ ಸಣ್ಣ ರಕ್ತನಾಳಗಳು ಹೊಸದಾಗಿ ಬೆಳೆಯಬೇಕು. ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯಾ ಹೆಚ್ಚಬೇಕು. ಇವೆಲ್ಲ ಬೆಳೆಯೋಕೆ ಓಡುವ ಹೊತ್ತು ಜಾಸ್ತಿ ಬೇಕು. ನೀವು ಏದುಸಿರು ಬಿಟ್ಟು 36 ನಿಮಿಷ ಓಡಿ ಮನೆಗೆ ಹೋಗುತ್ತೀರಿ. ಮರುದಿನ ಕಾಲು ಭಾರ. ಜಾಸ್ತಿ ಹೊತ್ತು ಓಡೋಕೆ ಆಗಲ್ಲ, ಸ್ಪೀಡಿನ ದಿನ ನಿಜವಾದ ಸ್ಪೀಡೂ ಬರಲ್ಲ.

ನಾಳೆಯಿಂದ ಕಿಲೋಮೀಟರಿಗೆ 8:45, ಬೇಕಿದ್ದರೆ 9 ನಿಮಿಷ. ಏರು ಬಂದರೆ ನಡೆಯಿರಿ. 45 ನಿಮಿಷ ಓಡಿ, ಮುಗಿದ ಮೇಲೆ ಇನ್ನೊಂದು ಸುತ್ತು ಆಗುತ್ತಿತ್ತು ಅನ್ನಿಸಬೇಕು. ವಾರದಲ್ಲಿ ಒಂದು ದಿನ ಮಾತ್ರ ಜೋರು.

ಬೆಟ್ಟದ ಹುಚ್ಚ, ಮೈಸೂರು

ಶುರು ಆಯ್ತು ನಿಧಾನದ ಪುರಾಣ! ಗುರುಗಳೇ, ಎಮ್ಮೆ ಥರ ಓಡಿದರೆ ಎಮ್ಮೆನೇ ಆಗ್ತೀರಿ. ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಹತ್ತಿಯೇ ಫಾಸ್ಟ್ ಆದವನು. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. 700ರ ಹತ್ತಿರ ನಂದಿ ಸಿಗೋ ತನಕ ಎಲ್ಲೂ ನಿಲ್ಲಬೇಡಿ. ಮೂರು ತಿಂಗಳು ಮಾಡಿ, ಆಮೇಲೆ 10 ಕಿ.ಮೀ. ಓಡಿ ನೋಡಿ.

ಇನ್ನೊಂದು ವಿಷಯ. ಈ ನೂರಕ್ಕೆ ಎಂಬತ್ತು ಪಾಲು ನಿಧಾನ, ಇಪ್ಪತ್ತು ಪಾಲು ಜೋರು ಅನ್ನೋ ಲೆಕ್ಕ ಎಲ್ಲಿಂದ ಬಂತು? ಸ್ಟೀಫನ್ ಸೈಲರ್ ಅನ್ನುವ ವಿಜ್ಞಾನಿ ದೊಡ್ಡ ದೊಡ್ಡ ಕ್ರೀಡಾಪಟುಗಳು ಹೇಗೆ ಅಭ್ಯಾಸ ಮಾಡ್ತಾರೆ ಅಂತ ನೋಡಿ ಹೇಳಿದ್ದು. ಅವರು ವಾರಕ್ಕೆ ಹತ್ತು ಹದಿನೈದು ಗಂಟೆ ಬೆವರು ಹರಿಸೋರು. ಅಷ್ಟು ಹೊತ್ತೂ ಜೋರಾಗಿ ಓಡಿದರೆ ಸತ್ತೇ ಹೋಗ್ತಾರೆ, ಅದಕ್ಕೆ ನಿಧಾನ. ನಮ್ಮ ಈ ಅಣ್ಣ ಓಡೋದೇ ವಾರಕ್ಕೆ ಮೂರು ಗಂಟೆ. ಅದರಲ್ಲೂ ಎಂಬತ್ತು ಪಾಲು ನಿಧಾನ ಅಂದ್ರೆ ಉಳಿಯೋದು ಏನು?

ಸುತ್ತು ಲೆಕ್ಕ, ಮೈಸೂರು

ನಿಮ್ಮ ಎರಡನೇ ಮಾತು ಸರಿ ಇದೆ, ಒಪ್ಪುತ್ತೇನೆ. ವಾರಕ್ಕೆ ಮೂರೇ ಗಂಟೆ ಸಿಗುವವನು ಎರಡು ದಿನ ಜೋರಾಗಿ ಓಡಿದರೆ ತಪ್ಪೇನಿಲ್ಲ. ಆದರೆ ಇವರು ಜೋರಾಗಿ ಓಡುತ್ತಲೂ ಇಲ್ಲ, ನಿಧಾನವಾಗಿಯೂ ಓಡುತ್ತಿಲ್ಲ. ಎಲ್ಲ ದಿನವೂ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಮೊದಲು ಮೂರು ಗಂಟೆಯನ್ನು ನಾಲ್ಕೂವರೆ ಮಾಡಿಕೊಳ್ಳಲಿ. ಅದು ನಿಧಾನ ಓಡದೆ ಆಗಲ್ಲ.

ಹಳೇ ಉದಾಹರಣೆ ಒಂದಿದೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮನುಷ್ಯ. ಮೊದಲು ತನ್ನ ಮೇಲೆಯೇ ಪ್ರಯೋಗ ಮಾಡಿ, ಆಮೇಲೆ ತನ್ನ ಅಕ್ಕಪಕ್ಕದ ಹುಡುಗರನ್ನು ಓಡಿಸಿದರು. 800 ಮೀಟರ್ ಓಡುವ ಪೀಟರ್ ಸ್ನೆಲ್ ಅವರನ್ನೂ ಭಾನುವಾರ 35 ಕಿ.ಮೀ. ಗುಡ್ಡದಲ್ಲಿ ಓಡಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ 800 ಮೀಟರ್ ಗೆದ್ದರು. ಅದೇ ದಿನ ಲಿಡಿಯಾರ್ಡ್ ಅವರ ಇನ್ನೊಬ್ಬ ಹುಡುಗ ಮರ್ರೆ ಹಾಲ್ಬರ್ಗ್ 5000 ಮೀಟರ್ ಗೆದ್ದರು. ಎರಡು ನಿಮಿಷ ಕೂಡ ಹಿಡಿಯದ ಓಟಕ್ಕೇ ಅಷ್ಟು ದೂರ ಬೇಕಾಯಿತು. ನೀವು ಓಡೋದು ಮುಕ್ಕಾಲು ಗಂಟೆ, ಒಂದೂಕಾಲು ಗಂಟೆ.

ಮೆಟ್ಟಿಲ ವಿಚಾರ: ಬೇಡ ಅಂತಲ್ಲ, ಈಗ ಬೇಡ.

ಅಮ್ಮ ಓಡ್ತಾಳೆ, ಸರಸ್ವತಿಪುರಂ

ನಾನು ಶುರು ಮಾಡಿದಾಗ ನಿಮಗಿಂತ ನಿಧಾನ. ಕುಕ್ಕರಹಳ್ಳಿಯಲ್ಲಿ ನಾನು ಓಡ್ತಾ ಇದ್ದರೆ ಮಂಕಿ ಕ್ಯಾಪ್ ಹಾಕಿಕೊಂಡ ಅಂಕಲ್‌ಗಳು ನಡೆದುಕೊಂಡೇ ನನ್ನನ್ನು ದಾಟಿ ಹೋಗ್ತಿದ್ದರು. ಒಬ್ಬರಂತೂ ದಿನಾ ದಾಟುವಾಗ "ಬಿಡಬೇಡಿ ಅಮ್ಮಾ" ಅನ್ನೋರು. ಸಿಟ್ಟು ಬರೋದು.

ಎಷ್ಟು ನಿಧಾನ ಅಂತ ತಿಳಿಯೋಕೆ ವಾಚ್ ಬೇಡ. ಜೊತೆಯಲ್ಲಿರುವವರಿಗೆ ಮನೆಯ ಜಗಳವನ್ನು ಪೂರ್ತಿ ವಾಕ್ಯದಲ್ಲಿ, ಮಧ್ಯೆ ಉಸಿರಿಗೆ ನಿಲ್ಲದೆ ಹೇಳೋಕೆ ಆಗಬೇಕು. "ಅತ್ತೆ... ನಿನ್ನೆ... ಏನಂದ್ರು ಗೊತ್ತಾ" ಅಂತ ತುಂಡು ತುಂಡಾಗಿ ಬಂದರೆ ಸ್ಪೀಡ್ ಜಾಸ್ತಿ. ಒಬ್ಬರೇ ಇದ್ದರೆ ಯಾವುದಾದರೂ ದೇವರನಾಮ ಗುನುಗಿ. ನಾಲ್ಕು ಸಾಲು ಸರಾಗವಾಗಿ ಬಂದರೆ ಸರಿ ಇದ್ದೀರಿ.

ನಡೆಯೋದಕ್ಕೆ ನಾಚಿಕೆ ಬೇಡ. ನಾನು ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಅಂತ ಶುರು ಮಾಡಿದ್ದು. ಜೆಫ್ ಗ್ಯಾಲೋವೇ ಅಂತ 1972ರ ಒಲಿಂಪಿಕ್ಸ್‌ನಲ್ಲಿ ಓಡಿದವರು ಜನಪ್ರಿಯ ಮಾಡಿದ ವಿಧಾನ ಅದು. ಸುಸ್ತಾದ ಮೇಲೆ ನಡೆಯೋದಲ್ಲ, ಸುಸ್ತಾಗುವ ಮೊದಲೇ ನಡೆಯೋದು. ಅಷ್ಟೇ ಗುಟ್ಟು.

ಇನ್ನೊಂದು ಮಾತು, ಇದು ಹೆಂಗಸರು ಖಂಡಿತ ಓದಬೇಕು. ಒಂದು ಹಂತದಲ್ಲಿ ನನಗೆ ಎಷ್ಟು ಓಡಿದರೂ ಸುಧಾರಣೆ ಇಲ್ಲ, ಮೆಟ್ಟಿಲು ಹತ್ತಿದರೂ ಕಾಲು ಸೋಲೋದು. ಹಿಮೋಗ್ಲೋಬಿನ್ ನಾರ್ಮಲ್ ಬಂತು. ಏನೂ ಇಲ್ಲ, ರೆಸ್ಟ್ ಮಾಡಿ ಅಂದರು. ಬೇರೆ ಡಾಕ್ಟರ್ ಫೆರಿಟಿನ್ ಬರೆದುಕೊಟ್ಟರು. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ತೀರಾ ಕೆಳಗಿತ್ತು. ಹಿಮೋಗ್ಲೋಬಿನ್ ಕಡಿಮೆ ಆಗುವ ಎಷ್ಟೋ ಮೊದಲೇ ಫೆರಿಟಿನ್ ಖಾಲಿ ಆಗಿರಬಹುದಂತೆ. ಮಾತ್ರೆ ಕೊಟ್ಟರು. ಜೊತೆಗೆ ಒಂದು ಕಷ್ಟದ ಷರತ್ತು: ಮಾತ್ರೆಯ ಹಿಂದೆ ಮುಂದೆ ಕಾಫಿ ಟೀ ಮುಟ್ಟಬಾರದು, ಕಬ್ಬಿಣ ಮೈಗೆ ಹತ್ತೋಕೆ ಅದು ಬಿಡಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ ಅಂದರು. ಮೈಸೂರಿನವಳಿಗೆ ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಇಲ್ಲ ಅಂದರೆ ಹೇಗೆ ಹೇಳಿ! ಎರಡು ಮೂರು ತಿಂಗಳಲ್ಲಿ ಮೊದಲಿನ ಉಸಿರು ವಾಪಸ್ ಬಂತು. ಟೆಸ್ಟ್ ಮಾಡಿಸದೆ ಸುಮ್ನೆ ಮಾತ್ರೆ ನುಂಗಬೇಡಿ, ಕಬ್ಬಿಣ ಜಾಸ್ತಿ ಆದರೂ ತೊಂದರೆಯೇ.

ನಾಲೆ ಏರಿ, ಮಂಡ್ಯ

ಅಣ್ಣಾ, ನಮ್ಮ ಮಂಡ್ಯ ಸ್ಟೇಡಿಯಂಗೆ ಬೆಳಿಗ್ಗೆ ಐದೂವರೆಗೆ ಬನ್ನಿ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು ಅಂತ ಬರುವ ಹುಡುಗರು ಸಾಲಾಗಿ ನಿಂತಿರುತ್ತಾರೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಅಂದರೆ ನಾಲ್ಕು ಸುತ್ತು, ಸುತ್ತಿಗೆ ಹೆಚ್ಚುಕಡಿಮೆ 97 ಸೆಕೆಂಡ್. ಅವರು ಮಾಡೋದೂ ನಿಮ್ಮ ಥರಾನೇ. ದಿನಾ ಬಂದು 1600 ಓಡೋದು, ವಾಚ್ ನೋಡೋದು, ಬೈಕೊಂಡು ಮನೆಗೆ ಹೋಗೋದು. ಏಳು ನಿಮಿಷಕ್ಕೆ ಬಂದು ಅಲ್ಲೇ ನಿಂತುಬಿಡುತ್ತಾರೆ.

ನಾನೂ ಆ ಗುಂಪಿನಲ್ಲಿದ್ದವನು. ಒಬ್ಬ ಹಿರಿಯರು ನಾಲ್ಕೈದು ಜನರನ್ನು ಎತ್ತಿಕೊಂಡು ಹೋಗಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಬಿಟ್ಟರು. ವಾರಕ್ಕೆ ಮೂರು ದಿನ ನಾಲೆ ಏರಿ, ಮಾತಾಡಿಕೊಂಡು ಒಂದು ಗಂಟೆ. ಟ್ರ್ಯಾಕ್ ಒಂದೇ ದಿನ. ಅಲ್ಲಿ 400 ಮೀಟರ್ ಆರು ಸಲ, ಮಧ್ಯೆ ಎರಡು ನಿಮಿಷ ನಡಿಗೆ. ಪೂರ್ತಿ 1600 ಓಡೋಕೆ ಬಿಡಲೇ ಇಲ್ಲ. ಪೊಲೀಸ್ ಪರೀಕ್ಷೆ ಬರುವ ಹೊತ್ತಿಗೆ ಐವರಲ್ಲಿ ನಾಲ್ವರು ಆರೂವರೆ ಒಳಗೆ ಬಂದೆವು.

ನಾಲೆ ಏರಿ ಮಣ್ಣು ಮೆತ್ತಗೆ, ಎರಡು ಕಡೆ ಗದ್ದೆ, ತಂಪು. ಆದರೆ ತಡೆಗೋಡೆ ಇಲ್ಲದ ಕಡೆ ಕತ್ತಲಲ್ಲಿ ಬೇಡ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ಒಂದರ ಹಿಂದೆ ಒಂದು, ಹಿಂದಿನ ಟ್ರೇಲರ್‌ಗೆ ಲೈಟೇ ಇರಲ್ಲ. ರಸ್ತೆಗೆ ಇಳಿಯೋದಾದರೆ ಎದುರು ಬರುವ ಗಾಡಿ ಕಾಣುವ ಹಾಗೆ ಬಲಗಡೆ ಓಡಿ, ಬಿಳಿ ಬಟ್ಟೆ ಹಾಕಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತುಬಿಡಿ. ಓಟಗಾರನಿಗೆ ಇದೇ ಕಷ್ಟದ ಕೆಲಸ.

ಕೊನೆಯ ಸಾಲು, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎರಡು ವಾರ ಸುತ್ತು ಲೆಕ್ಕ ಸರ್ ಹೇಳಿದ ಹಾಗೆ ಓಡಿದೆ. ಕಾಲು ಹಗುರ ಆಗಿದೆ, ನಿಜ. ಆದರೆ ವಾಚಿನಲ್ಲಿ ಪಲ್ಸ್ 165 ತೋರಿಸುತ್ತೆ. 180ರಲ್ಲಿ ವಯಸ್ಸು ಕಳೆದರೆ ನನಗೆ 143 ಇರಬೇಕಂತೆ. 143ಕ್ಕೆ ತರಬೇಕಾದರೆ ನಾನು ನಡೆಯಬೇಕು ಅಷ್ಟೇ. ಎಲ್ಲೋ ಹೆಚ್ಚುಕಮ್ಮಿ ಆಗಿದೆಯಾ? ಇನ್ನೊಂದು, ನೈಟ್ ಶಿಫ್ಟ್ ವಾರ ಏನು ಮಾಡೋದು?

ಸುತ್ತು ಲೆಕ್ಕ, ಮೈಸೂರು

165 ಪಲ್ಸ್ ಇದ್ದಾಗ ಮಾತಾಡೋಕೆ ಆಗುತ್ತಾ?

ಕೊನೆಯ ಸಾಲು, ಮೈಸೂರು

ಆಗುತ್ತೆ ಸರ್. ಹೆಂಡತಿಗೆ ಫೋನ್ ಮಾಡಿ ಹಾಲು ತರಬೇಕಾ ಅಂತ ಕೇಳಿದೆ. ಓಡ್ತಿದ್ದೀನಿ ಅಂತ ಅವಳಿಗೆ ಗೊತ್ತೇ ಆಗಲಿಲ್ಲ.

ಸುತ್ತು ಲೆಕ್ಕ, ಮೈಸೂರು

ಹಾಗಾದರೆ ವಾಚ್ ಸುಳ್ಳು ಹೇಳುತ್ತಿದೆ. ಮಣಿಕಟ್ಟಿನ ವಾಚ್ ಚರ್ಮದ ಒಳಗೆ ಬೆಳಕು ಬಿಟ್ಟು ರಕ್ತದ ಏರಿಳಿತ ಅಳೆಯುತ್ತದೆ. ಓಡುವಾಗ ಕೈ ಕುಲುಕುತ್ತದೆ. ಎಷ್ಟೋ ಸಲ ಅದು ಹೃದಯದ ಬಡಿತ ಬಿಟ್ಟು ನಿಮ್ಮ ಹೆಜ್ಜೆಯನ್ನೇ ಎಣಿಸಲು ಶುರು ಮಾಡುತ್ತದೆ. ನಿಮಿಷಕ್ಕೆ ನಿಮ್ಮ ಹೆಜ್ಜೆ 160, 165 ಇರಬಹುದು, ಎಣಿಸಿ ನೋಡಿ. ಎರಡೂ ಒಂದೇ ಬಂದರೆ ಗೊತ್ತಾಯಿತಲ್ಲ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ. ಇಲ್ಲ, ಓಡುತ್ತಾ ಇರುವಾಗ ನಿಂತು ಕತ್ತಿನ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ.

180ರಿಂದ ವಯಸ್ಸು ಕಳೆಯುವ ಲೆಕ್ಕ ಅಮೆರಿಕದ ಫಿಲ್ ಮ್ಯಾಫೆಟೋನ್ ಅವರದು. 220ರಿಂದ ಕಳೆಯುವುದೂ ಒಂದಿದೆ. ಎರಡೂ ಅಂದಾಜು. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ ಇಪ್ಪತ್ತು ವ್ಯತ್ಯಾಸ ಇದ್ದರೂ ಆಶ್ಚರ್ಯ ಇಲ್ಲ. ಹಾಲಿನ ಫೋನೇ ಒಳ್ಳೆ ಅಳತೆ, ಅದನ್ನೇ ನಂಬಿ.

ನೈಟ್ ಶಿಫ್ಟ್ ವಾರ ಜೋರು ಓಟ ಕೈಬಿಡಿ. ನಿದ್ದೆ ಕೆಟ್ಟಾಗ ಜೋರಾಗಿ ಓಡಿದರೆ ಲಾಭ ಏನೂ ಇಲ್ಲ. ಸಂಜೆ ಡ್ಯೂಟಿಗೆ ಹೋಗುವ ಮೊದಲು ಅರ್ಧ ಗಂಟೆ ನಿಧಾನ, ಅಷ್ಟೇ. ಡ್ಯೂಟಿ ಮುಗಿಸಿಕೊಂಡು ಬಂದ ಬೆಳಿಗ್ಗೆ ಮಲಗಿ.

ಮೂಳೆ ಮಾತು, ಮೈಸೂರು

ಫಿಸಿಯೋಥೆರಪಿ ನನ್ನ ವೃತ್ತಿ. ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಧಾನ ಓಡಿ ಹೊತ್ತು ಹೆಚ್ಚಿಸುವಾಗಲೂ ಒಂದು ಅಪಾಯ ಇದೆ. ಉಸಿರು ಬೇಗ ಸುಧಾರಿಸುತ್ತದೆ, ಕೆಲವೇ ವಾರದಲ್ಲಿ. ಮೂಳೆ ಮತ್ತು ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಳು ಬೇಕು. ಉಸಿರು ಸಾಲುತ್ತದೆ ಅಂತ ಓಡುತ್ತಾ ಹೋಗುತ್ತಾರೆ, ಮೊಣಕಾಲಿನ ಕೆಳಗಿನ ಮುಂದಿನ ಮೂಳೆ ಕೂಗಿಕೊಳ್ಳುತ್ತದೆ.

ಆ ಮೂಳೆಯ ಒಳಬದಿಯಲ್ಲಿ ಉದ್ದಕ್ಕೂ ಹರಡಿಕೊಂಡ ನೋವು ಇದ್ದರೆ ಓಟ ಕಡಿಮೆ ಮಾಡಿ, ಸಾಮಾನ್ಯವಾಗಿ ಕಡಿಮೆ ಆಗುತ್ತದೆ. ಒಂದೇ ಜಾಗ, ಬೆರಳಿಟ್ಟು ತೋರಿಸುವ ಹಾಗೆ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚುರ್ ಅನ್ನುತ್ತದೆ ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಆಗ ಎಣ್ಣೆ ಹಚ್ಚಿಕೊಂಡು ಓಡಬೇಡಿ, ಡಾಕ್ಟರ್ ಹತ್ತಿರ ಹೋಗಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು ಅನ್ನೋದೂ ನೆನಪಿರಲಿ.

ತಡೆಯೋಕೆ ಒಂದೇ ಒಂದು ವ್ಯಾಯಾಮ ಹೇಳು ಅಂದರೆ ಇದು. ಮನೆಯ ಮೆಟ್ಟಿಲ ತುದಿಯಲ್ಲಿ ಮುಂಗಾಲು ಊರಿ ನಿಲ್ಲಿ, ಹಿಮ್ಮಡಿ ಗಾಳಿಯಲ್ಲಿ. ಗೋಡೆ ಹಿಡಿಯಿರಿ. ಒಂದೇ ಕಾಲಿನ ಮೇಲೆ ಹಿಮ್ಮಡಿ ಎತ್ತಿ, ಮೂರು ಎಣಿಸುತ್ತಾ ನಿಧಾನ ಇಳಿಸಿ. ಬಹಳ ಜನರಿಗೆ ಹತ್ತು ಮಾಡುವಷ್ಟರಲ್ಲಿ ಮೀನಖಂಡ ನಡುಗುತ್ತದೆ. ವಾರಕ್ಕೆ ಮೂರು ದಿನ ಮಾಡುತ್ತಾ 25ಕ್ಕೆ ಬನ್ನಿ. ಓಡುವಾಗ ಪ್ರತಿ ಹೆಜ್ಜೆಗೂ ಮೈಯ ಭಾರ ಎಲ್ಲ ಬೀಳೋದು ಅಲ್ಲಿಗೇ.

ಬೆಟ್ಟದ ಹುಚ್ಚ ಅವರಿಗೆ: ಮೆಟ್ಟಿಲು ಹತ್ತೋದಕ್ಕೆ ನನ್ನ ಅಡ್ಡಿ ಇಲ್ಲ. ಇಳಿಯುವಾಗ ಓಡುತ್ತೀರಲ್ಲ, ಅದಕ್ಕೆ. ತೊಡೆ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಎರಡು ದಿನ ನಡೆಯೋಕೆ ಆಗದ ನೋವು ಬರೋದು ಅದರಿಂದಲೇ.

ಬೆಟ್ಟದ ಹುಚ್ಚ, ಮೈಸೂರು

ಇಳಿಯುವಾಗ ಬಸ್ಸಲ್ಲಿ ಬರ್ತೀನಿ ಈಗ. ಮಂಡಿ ಕೇಳ್ತಾ ಇಲ್ಲ. ಇದನ್ನ ಎಲ್ಲೂ ಹೇಳಬೇಡಿ.

ಅಮ್ಮ ಓಡ್ತಾಳೆ, ಸರಸ್ವತಿಪುರಂ

ಇಡೀ ಮೈಸೂರಿಗೆ ಈಗ ಗೊತ್ತಾಯ್ತು ಬಿಡಿ.

ಕೊನೆಯ ಸಾಲು, ಮೈಸೂರು

ಊಟದ ಬಗ್ಗೆ ಯಾರಾದರೂ ಹೇಳಿ. ಶುಗರ್ ಭಯಕ್ಕೆ ಅನ್ನ ಪೂರ್ತಿ ಬಿಟ್ಟಿದ್ದೇನೆ. ಭಾನುವಾರ ಒಂದು ಗಂಟೆ ದಾಟಿದರೆ ಕಣ್ಣು ಕತ್ತಲೆ ಬರುತ್ತೆ. ಓಡುವಾಗ ತಿನ್ನುವ ಸಿಹಿ ಜೆಲ್ ಪ್ಯಾಕೆಟ್ ತಗೋಬೇಕಾ?

ನಾಲೆ ಏರಿ, ಮಂಡ್ಯ

ಜೆಲ್ ಯಾಕಣ್ಣಾ, ನಮ್ಮೂರ ಬೆಲ್ಲ ಇಲ್ವಾ! ಹಿಂದಿನ ರಾತ್ರಿ ಮುದ್ದೆ, ಬಸ್ಸಾರು. ಬೆಳಿಗ್ಗೆ ಮುದ್ದೆ ಬೇಡ, ಹೊಟ್ಟೆಯಲ್ಲಿ ಕೂತುಬಿಡುತ್ತೆ. ಒಂದು ಬಾಳೆಹಣ್ಣು ಸಾಕು. ಓಡಿ ಬಂದ ಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆ ಎರಡು ಲೋಟ. ಮೊಟ್ಟೆ ತಿನ್ನೋದಾದರೆ ಎರಡು.

ಮೂಳೆ ಮಾತು, ಮೈಸೂರು

ಬೆಲ್ಲದ ಮಾತು ಎಲ್ಲರಿಗೂ ಸರಿ, ಶುಗರ್ ಇರುವವರಿಗೆ ಅಲ್ಲ. ಕಣ್ಣು ಕತ್ತಲೆ ಬರುತ್ತದೆ ಅನ್ನೋದನ್ನು ಹಗುರವಾಗಿ ತಗೋಬೇಡಿ. ಶುಗರ್‌ಗೆ ಮಾತ್ರೆ ತಗೊಳ್ಳುತ್ತಿದ್ದೀರಾ? ಹಾಗಿದ್ದರೆ ಕೆಲವು ಮಾತ್ರೆಯಿಂದ ಓಡುವಾಗ ಸಕ್ಕರೆ ತೀರಾ ಇಳಿಯಬಹುದು. ಮೊದಲು ನಿಮ್ಮ ಡಾಕ್ಟರಿಗೆ ವಾರಕ್ಕೆ ಎಷ್ಟು ಓಡುತ್ತೀರಿ ಅಂತ ಹೇಳಿ. ಅನ್ನ, ಮುದ್ದೆ ಪೂರ್ತಿ ಬಿಟ್ಟು ಒಂದೂವರೆ ಗಂಟೆ ಓಡೋದು ನಡೆಯಲ್ಲ.

ಕೊನೆಯ ಸಾಲು, ಮೈಸೂರು

ಮಾತ್ರೆ ಇಲ್ಲ. ಡಾಕ್ಟರ್ ಕೇಳಿದೆ. ರಾತ್ರಿ ಒಂದು ಮುದ್ದೆ, ಭಾನುವಾರ ಬೆಳಿಗ್ಗೆ ಹಣ್ಣು ಆಗಬಹುದು ಅಂದರು. ಈಗ ತಲೆ ಸುತ್ತು ಇಲ್ಲ. ಕೂಟಕ್ಕೆ ಹೆಸರು ಕೊಟ್ಟಿದ್ದೇನೆ. ಸರ್, ಟ್ರ್ಯಾಕಿನ ವಿಷಯ ಹೇಳ್ತೀನಿ ಅಂದಿದ್ರಿ.

ಸುತ್ತು ಲೆಕ್ಕ, ಮೈಸೂರು

ಸಂತೋಷ. 5000 ಮೀಟರ್ ಅಂದರೆ ಹನ್ನೆರಡೂವರೆ ಸುತ್ತು. ಅದಕ್ಕೇ ಸ್ಟಾರ್ಟ್ ಇರೋದು ಫಿನಿಶ್ ಲೈನಿನ ಎದುರು ಬದಿಯಲ್ಲಿ. ಮೊದಲು ಅರ್ಧ ಸುತ್ತು, ಆಮೇಲೆ ಪೂರ್ತಿ ಹನ್ನೆರಡು. ಹೊಸಬರು ಈ ಅರ್ಧ ಸುತ್ತನ್ನೇ ಒಂದು ಅಂತ ಎಣಿಸಿ ಗೊಂದಲ ಮಾಡಿಕೊಳ್ಳುತ್ತಾರೆ.

36 ನಿಮಿಷದ ಗುರಿ ಇಟ್ಟುಕೊಳ್ಳಿ. ಒಂದು ಸುತ್ತಿಗೆ 2 ನಿಮಿಷ 52 ಸೆಕೆಂಡ್. ತಮಾಷೆ ಹೇಳಲಾ? 2022ರಲ್ಲಿ ಬರ್ಲಿನ್‌ನಲ್ಲಿ ಎಲಿಯುಡ್ ಕಿಪ್‌ಚೋಗೆ 2:01:09ಕ್ಕೆ ಮ್ಯಾರಥಾನ್ ಮುಗಿಸಿದಾಗ ಅವರಿಗೆ ಒಂದು ಕಿಲೋಮೀಟರಿಗೆ ಹಿಡಿದಿದ್ದೂ 2:52. ನೀವು 400 ಮೀಟರ್ ಓಡುವಷ್ಟರಲ್ಲಿ ಅವರು ಸಾವಿರ ಮೀಟರ್, ಅದೂ 42 ಸಲ. ಅಂಥವರೂ ಸುಮ್ಮನೆ ಓಡುವ ದಿನ ಇದಕ್ಕಿಂತ ಎಷ್ಟೋ ನಿಧಾನ ಓಡುತ್ತಾರೆ, ಬೆಟ್ಟದವರು ಇದನ್ನು ಗಮನಿಸಲಿ.

ನಿಮ್ಮ ಗುಂಪಿನಲ್ಲಿ 20 ನಿಮಿಷಕ್ಕೆ ಮುಗಿಸುವವರು ಇರಬಹುದು. ಅವರು ಮುಗಿಸಿ ನೀರು ಕುಡಿಯುವಾಗ ನಿಮಗೆ ಇನ್ನೂ ಐದೂವರೆ ಸುತ್ತು ಬಾಕಿ ಇರುತ್ತದೆ. ಗಂಟೆ ಬಾರಿಸುತ್ತಾರೆ, ಅದು ಮುಂದಿನವರಿಗೆ ಕೊನೆ ಸುತ್ತು ಅಂತ. ನಿಮಗಲ್ಲ. ದಾಟುವವರು ಬಂದಾಗ ಗಾಬರಿಯಾಗಿ ಬಲಕ್ಕೆ ಜಿಗಿಯಬೇಡಿ. ಮೊದಲ ಲೇನಿನಲ್ಲಿ ನೇರ ಓಡುತ್ತಾ ಇರಿ, ಅವರೇ ಹೊರಗಿನಿಂದ ಸುತ್ತಿಕೊಂಡು ಹೋಗುತ್ತಾರೆ. ನೀವು ಅತ್ತಿತ್ತ ಮಾಡಿದರೇ ಡಿಕ್ಕಿ. ಸುತ್ತು ಎಣಿಸುವವರು ಇರುತ್ತಾರೆ, ಆದರೂ ನಿಮ್ಮವರೊಬ್ಬರು ಗ್ಯಾಲರಿಯಲ್ಲಿ ಕೂತು ಬರೆದುಕೊಳ್ಳಲಿ.

ಈಗಿನಿಂದ ವಾರಕ್ಕೆ ಒಂದು ದಿನ ಚಾಮುಂಡಿ ವಿಹಾರ ಸ್ಟೇಡಿಯಂ. ಹದಿನೈದು ನಿಮಿಷ ಮೈ ಬಿಸಿ ಮಾಡಿ 800 ಮೀಟರ್ ನಾಲ್ಕು ಸಲ, ಪ್ರತಿಯೊಂದೂ 5:40ರ ಹತ್ತಿರ, ಮಧ್ಯೆ ಮೂರು ನಿಮಿಷ ನಡಿಗೆ. ನಾಲ್ಕನೆಯದೂ ಮೊದಲಿನಷ್ಟೇ ಹೊತ್ತಲ್ಲಿ ಬರಬೇಕು. ಕೊನೆಯದರಲ್ಲಿ ಸತ್ತು ಹೋಗುವ ಹಾಗಿದ್ದರೆ ಮೊದಲನೆಯದು ಜೋರಾಯಿತು ಅಂತ ಅರ್ಥ. ಭಾನುವಾರ ಒಂದೂಕಾಲು ಗಂಟೆ ನಿಧಾನ. ಉಳಿದ ದಿನ 40, 45 ನಿಮಿಷ, ಎರಡು ದಿನ ಕೊನೆಗೆ 20 ಸೆಕೆಂಡಿನ ಓಟ ಐದು ಸಲ. ಅದು ಸ್ಪ್ರಿಂಟ್ ಅಲ್ಲ, ಹಗುರವಾಗಿ ಉದ್ದ ಹೆಜ್ಜೆ. ಎರಡು ದಿನ ಪೂರ್ತಿ ರಜೆ.

ಅಮ್ಮ ಓಡ್ತಾಳೆ, ಸರಸ್ವತಿಪುರಂ

ಒಂದು ಎಚ್ಚರಿಕೆ. ಹೆಸರು ಕೊಡುವಾಗಲೇ ಕೊನೆ ಸಮಯ ಎಷ್ಟು ಅಂತ ಕೇಳಿಕೊಳ್ಳಿ. ನಾನು ಓಡಿದ ಒಂದು 10 ಕಿ.ಮೀ. ಓಟದಲ್ಲಿ 90 ನಿಮಿಷ ಅಂತ ಹಾಕಿದ್ದರು. ನಾನು 84ಕ್ಕೆ ಬಂದೆ. ಅಷ್ಟರಲ್ಲಿ ಕಮಾನು ಬಿಚ್ಚಿ ಲಾರಿಗೆ ಹಾಕ್ತಾ ಇದ್ದರು. ನೀರಿಲ್ಲ, ಉಪ್ಪಿಟ್ಟು ಖಾಲಿ, ಮೆಡಲ್ ಕೊಡುವ ಹುಡುಗ ಮೊಬೈಲ್ ನೋಡ್ತಾ "ನೀವು ವಾಕಿಂಗ್ ಗ್ರೂಪಾ ಆಂಟಿ" ಅಂದ. ಎಲ್ಲರಷ್ಟೇ ಫೀಸು ನಾನೂ ಕಟ್ಟಿದ್ದೆ. ಈಗ ಎಲ್ಲೇ ಹೆಸರು ಕೊಟ್ಟರೂ ಮೊದಲು ಫೋನ್ ಮಾಡಿ ಕೇಳೋದು: ಕೊನೆಯವರು ಬರುವ ತನಕ ನೀರು ಇರುತ್ತಾ?

ನಾಲೆ ಏರಿ, ಮಂಡ್ಯ

ನಿಜ ಅಕ್ಕಾ. ನಮ್ಮ ಕಡೆ ಊರ ಹಬ್ಬದ ಓಟದಲ್ಲಿ ಹಿಂಗಾಗಲ್ಲ. ಕೊನೆಯವನು ಬರುವ ತನಕ ತಮಟೆ ನಿಲ್ಲಿಸಲ್ಲ.

ಕೊನೆಯ ಸಾಲು, ಮೈಸೂರು

ಕೂಟ ಮುಗಿಯಿತು. 35 ನಿಮಿಷ 31 ಸೆಕೆಂಡ್. ನನ್ನ ಗುಂಪಿನಲ್ಲಿ ಕೊನೆ. ಗೆದ್ದವರು 19 ನಿಮಿಷದ ಚಿಲ್ಲರೆ.

ಸರ್ ಹೇಳಿದ ಹಾಗೇ ಆಯಿತು. ಮೊದಲ ಸುತ್ತಿನಲ್ಲೇ ಎಲ್ಲರೂ ಮುಂದೆ ಹೋದರು. ನಾನು 2:50 ಬಿಟ್ಟು ಅಲ್ಲಾಡಲಿಲ್ಲ. ದಾಟಿಕೊಂಡು ಹೋಗುವ ಪ್ರತಿಯೊಬ್ಬರೂ ಏನಾದರೂ ಒಂದು ಮಾತು ಹೇಳಿಯೇ ಹೋದರು. ಗೆದ್ದವರು ಮೂರನೇ ಸಲ ದಾಟುವಾಗ "ಕೈ ಕೆಳಗೆ ಬಿಡಿ, ಭುಜ ಸಡಿಲ" ಅಂದರು, ಅವರೇ ಏದುಸಿರಲ್ಲಿದ್ದರೂ. ಬಿಟ್ಟೆ, ಹಗುರ ಆಯಿತು. ಕೊನೆಗೆ ಎಣಿಸುವವರು ನನಗೆ ಇನ್ನೊಂದೇ ಸುತ್ತು ಅಂದರು. ನನ್ನ ವಾಚು ಹತ್ತಿರ ಹತ್ತಿರ 30:00 ತೋರಿಸುತ್ತಿತ್ತು. ಸುತ್ತಿಗೆ 2:50ರ ಲೆಕ್ಕದಲ್ಲಿ ಹತ್ತೂವರೆ ಆಗಿದೆ, ಇನ್ನೂ ಎರಡು ಬಾಕಿ ಇರಬೇಕು. ಗ್ಯಾಲರಿಯಿಂದ ಹೆಂಡತಿ ಎರಡು ಬೆರಳು ತೋರಿಸುತ್ತಿದ್ದಳು. ಎರಡು ಓಡಿದೆ. ಆಮೇಲೆ ಅವರೂ ಪಟ್ಟಿ ನೋಡಿ ಸರಿ ಅಂದರು.

10 ಕಿ.ಮೀ. ಇನ್ನೂ ಓಡಿ ನೋಡಿಲ್ಲ.

ಸುತ್ತು ಲೆಕ್ಕ, ಮೈಸೂರು

ಕೊನೆ ಸುತ್ತು ಎಷ್ಟು?

ಕೊನೆಯ ಸಾಲು, ಮೈಸೂರು

2:41.

ಸುತ್ತು ಲೆಕ್ಕ, ಮೈಸೂರು

ಹಾಗಾದರೆ 35ರ ಒಳಗೆ ನಿಮ್ಮಲ್ಲಿ ಇದೆ. ಒಂದು ವಾರ ಸುಮ್ಮನೆ ಓಡಿ, ವಾಚ್ ಮನೆಯಲ್ಲಿಡಿ. ಆಮೇಲೆ 10 ಕಿ.ಮೀ.ಗೆ ತಯಾರಿ. ಏಪ್ರಿಲ್ ಮೇ ಬಿಸಿಲಲ್ಲಿ ಬೇಡ, ಬಿಸಿಲಲ್ಲಿ ಎಲ್ಲರೂ ನಿಧಾನ ಆಗುತ್ತಾರೆ, ಸುಮ್ನೆ ಮನಸ್ಸು ಕೆಡುತ್ತದೆ. ಮಳೆ ಶುರುವಾದ ಮೇಲೆ ಭಾನುವಾರದ ಓಟವನ್ನು 90 ನಿಮಿಷಕ್ಕೆ ತನ್ನಿ. ದಸರಾ ಹೊತ್ತಿನ ಓಟಗಳಿಗೆ ಸರಿಹೋಗುತ್ತದೆ.

ನಾಲೆ ಏರಿ, ಮಂಡ್ಯ

ಆ 90 ನಿಮಿಷ ನಮ್ಮ ಕಡೆ ಓಡಿ ಅಣ್ಣಾ. ಎಲ್ಲರೂ ಒಂದು ಭಾನುವಾರ ಬನ್ನಿ. ಬೆಳಕು ಹರಿದ ಮೇಲೆ ನಾಲೆ ಏರಿ, ಟಿಫನ್ ನಮ್ಮನೇಲಿ.

ಬೆಟ್ಟದ ಹುಚ್ಚ, ಮೈಸೂರು

90 ನಿಮಿಷಾನಾ? ಅಷ್ಟರಲ್ಲಿ ನಾನು ಬೆಟ್ಟ ಹತ್ತಿ, ದರ್ಶನ ಮುಗಿಸಿ, ಮನೆಗೆ ಬಂದಿರ್ತೀನಿ. ಟಿಫನ್ ಏನು?

ನಾಲೆ ಏರಿ, ಮಂಡ್ಯ

ತಟ್ಟೆ ಇಡ್ಲಿ, ಚಟ್ನಿ. ನಾಟಿಕೋಳಿ ಸಾರು ಬೇಕಾದರೆ ಮೊದಲೇ ಹೇಳಬೇಕು.

ಬೆಟ್ಟದ ಹುಚ್ಚ, ಮೈಸೂರು

ಈಗಲೇ ಹೇಳಿದೆ. ಬರ್ತೀನಿ. ಆದರೆ ನನಗೆ ಮಾತ್ರ ನಿಧಾನ ಓಡಿ ಅನ್ನಬಾರದು.

ಸುತ್ತು ಲೆಕ್ಕ, ಮೈಸೂರು

ಅಂದೇ ಅನ್ನುತ್ತೇನೆ.